ಕ್ಯಾಟ್ ಎಸ್, ಕ್ಯಾಟ್ ಎನ್ ಅಂದ್ರೆ ಏನು? ಬ್ರಿಟನ್ನಿನಲ್ಲಿ ರೈಟ್-ಆಫ್ ಆದ ಕಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿಗೆ ಪೆಟ್ಟು ಬಿದ್ದ ದಿನಕ್ಕಿಂತ ಇನ್ಶೂರೆನ್ಸ್ ಕಂಪನಿಯಿಂದ ಫೋನ್ ಬಂದ ದಿನವೇ ಜಾಸ್ತಿ ಗಾಬರಿ. "ನಿಮ್ಮ ಕಾರು ರೈಟ್-ಆಫ್, ಕೆಟಗರಿ ಎನ್" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬೆನ್ನಿಗೇ ಒಂದು ಮೊತ್ತ ಹೇಳಿ, ಒಪ್ಪಿಗೆನಾ ಅಂತ ಕೇಳುತ್ತಾರೆ. ನನಗೂ ಹೀಗೇ ಆಯಿತು. ಮನೆ ಮುಂದೆ ನಿಲ್ಲಿಸಿದ್ದ ನಮ್ಮ ಪುಟ್ಟ ಕಾರಿಗೆ ರಾತ್ರಿ ಒಂದು ವ್ಯಾನ್ ಹಿಂದಿನಿಂದ ಗುದ್ದಿತ್ತು. ಬೆಳಗ್ಗೆ ಎದ್ದು ನೋಡಿದರೆ ಡಿಕ್ಕಿ ಒಳಗೆ ಹೋಗಿದೆ, ಆದರೆ ಕೀ ತಿರುಗಿಸಿದರೆ ಎಂಜಿನ್ ಎಂದಿನಂತೆ ಸ್ಟಾರ್ಟ್ ಆಗುತ್ತಿದೆ. ಇಷ್ಟು ಚೆನ್ನಾಗಿ ಓಡುವ ಕಾರನ್ನು ಯಾಕೆ ಕೈಬಿಡುತ್ತಾರೆ ಅಂತ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಕೂತು ಓದಿಕೊಂಡೆ, ಹತ್ತು ಜನರನ್ನು ಕೇಳಿದೆ. ಈಗ ಇಲ್ಲಿರುವ ಕನ್ನಡದವರು ನನ್ನನ್ನು ಕೇಳುತ್ತಾರೆ. ಅವರು ಕೇಳುವ ಪ್ರಶ್ನೆಗಳೇ ಇವು.

ರೈಟ್-ಆಫ್ ಅಂದರೆ ಕಾರು ಗುಜರಿಗೆ ಹೋಗಲೇಬೇಕಾ?

ಇಲ್ಲ. ರೈಟ್-ಆಫ್ ಅಂದರೆ "ಈ ಕಾರನ್ನು ನಾವು ರಿಪೇರಿ ಮಾಡಿಸಿ ಕೊಡುವುದಿಲ್ಲ, ಅದರ ಬದಲು ಅದರ ಬೆಲೆ ಕೊಡುತ್ತೇವೆ" ಅಂತ ಇನ್ಶೂರೆನ್ಸ್ ಕಂಪನಿ ತೆಗೆದುಕೊಳ್ಳುವ ತೀರ್ಮಾನ. ಕೆಲವು ಕಾರುಗಳನ್ನು ನಿಜಕ್ಕೂ ರಿಪೇರಿ ಮಾಡಲು ಬರುವುದಿಲ್ಲ. ಇನ್ನು ಕೆಲವನ್ನು ಮಾಡಬಹುದು, ಆದರೆ ಕಂಪನಿಗೆ ಲೆಕ್ಕ ಹೊಂದುವುದಿಲ್ಲ. ಇವೆರಡಕ್ಕೂ ಒಂದೇ ಪದ ಬಳಸುವುದರಿಂದಲೇ ಜನರಿಗೆ ಗೊಂದಲ. ಆ ಗೊಂದಲ ಬಿಡಿಸುವುದಕ್ಕೇ ಕೆಟಗರಿಯ ಅಕ್ಷರ ಇರುವುದು.

ಈಗ ಯಾವ ಯಾವ ಕೆಟಗರಿ (ಬಾಯಿಮಾತಿನಲ್ಲಿ ಕ್ಯಾಟ್) ಇವೆ?

ನಾಲ್ಕು: ಎ, ಬಿ, ಎಸ್, ಎನ್. ಇವು ಬ್ರಿಟನ್ನಿನ ವಿಮಾ ಕಂಪನಿಗಳ ಸಂಘವಾದ ಎಬಿಐ ಮಾಡಿಕೊಂಡಿರುವ ನಿಯಮಾವಳಿಯಿಂದ ಬಂದವು. 2017ರ ಅಕ್ಟೋಬರ್ 1ರಿಂದ ಈ ಅಕ್ಷರಗಳು ಬಳಕೆಯಲ್ಲಿವೆ.

ಎ ಅಂದರೆ ಇಡೀ ಕಾರನ್ನು ಪುಡಿ ಮಾಡಬೇಕು. ಒಂದು ಬಿಡಿಭಾಗವನ್ನೂ ಬಿಚ್ಚಿ ಮಾರುವ ಹಾಗಿಲ್ಲ. ಸುಟ್ಟು ಕರಕಲಾದ ಕಾರು ಅಂದುಕೊಳ್ಳಿ.

ಬಿ ಅಂದರೆ ಕಾರು ಮತ್ತೆ ರಸ್ತೆಗೆ ಬರುವ ಹಾಗಿಲ್ಲ. ಅದರ ಬಾಡಿ ಶೆಲ್ ಪುಡಿಯಾಗಲೇಬೇಕು. ಆದರೆ ಚೆನ್ನಾಗಿರುವ ಬಿಡಿಭಾಗಗಳನ್ನು ತೆಗೆದು ಬೇರೆ ಕಾರಿಗೆ ಹಾಕಬಹುದು.

ಎಸ್ ಅಂದರೆ ಸ್ಟ್ರಕ್ಚರಲ್. ಕಾರಿನ ಎಲುಬಿಗೇ ಪೆಟ್ಟಾಗಿದೆ: ಚಾಸಿ ಬಗ್ಗಿದೆ, ಅಥವಾ ಗುದ್ದಿದಾಗ ಮಡಚಿಕೊಂಡು ನಮ್ಮನ್ನು ಕಾಪಾಡುವ ಕ್ರಂಪಲ್ ಜೋನ್ ಕುಸಿದಿದೆ. ಸರಿಯಾಗಿ ರಿಪೇರಿ ಮಾಡಿದರೆ ಮತ್ತೆ ಓಡಿಸಬಹುದು.

ಎನ್ ಅಂದರೆ ನಾನ್-ಸ್ಟ್ರಕ್ಚರಲ್. ಎಲುಬು ಸರಿಯಿದೆ, ಬೇರೆ ಕಡೆ ಹಾನಿಯಾಗಿದೆ. ಇದನ್ನೂ ರಿಪೇರಿ ಮಾಡಿ ಓಡಿಸಬಹುದು.

ಈ ಅಕ್ಷರವನ್ನು ಯಾರು ಕೊಡುತ್ತಾರೆ?

ಇನ್ಶೂರೆನ್ಸ್ ಕಂಪನಿ ಪರವಾಗಿ ಕಾರನ್ನು ಪರೀಕ್ಷಿಸುವ, ಅದಕ್ಕೆ ತಕ್ಕ ತರಬೇತಿ ಇರುವ ಎಂಜಿನಿಯರ್. ಕೆಲವು ಸಲ ಕಾರನ್ನು ಎದುರಿಗೆ ನೋಡುತ್ತಾರೆ, ಕೆಲವು ಸಲ ಫೋಟೋಗಳನ್ನು ಮಾತ್ರ. ಹಾಗಾಗಿ ಫೋಟೋ ಕೇಳಿದರೆ ಸುಮ್ನೆ ನಾಲ್ಕು ತೆಗೆದು ಕಳಿಸಬೇಡಿ. ನಾಲ್ಕೂ ಮೂಲೆಯಿಂದ, ಹತ್ತಿರದಿಂದ, ಒಳಗಿನಿಂದ, ಮೈಲೇಜ್ ಕಾಣುವ ಹಾಗೆ ಡ್ಯಾಶ್‌ಬೋರ್ಡ್‌ದು ಕೂಡ ತೆಗೆಯಿರಿ. ಕಾರು ಯಾರ್ಡ್‌ಗೆ ಹೋದ ಮೇಲೆ ನಿಮಗೆ ಈ ಅವಕಾಶ ಸಿಗುವುದು ಕಷ್ಟ.

ಕಾರು ಚೆನ್ನಾಗಿ ಓಡುತ್ತಿದೆ. ಆದರೂ ಯಾಕೆ ರೈಟ್-ಆಫ್?

ಇದು ಪೂರ್ತಿ ದುಡ್ಡಿನ ಲೆಕ್ಕ. ಕಾರಿನ ಮಾರುಕಟ್ಟೆ ಬೆಲೆ 4,000 ಪೌಂಡ್ ಅಂದುಕೊಳ್ಳಿ. ಹಿಂದಿನ ಬಂಪರ್, ಡಿಕ್ಕಿ ಬಾಗಿಲು, ಲೈಟು, ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ, ಪೇಂಟು, ಕೂಲಿ ಎಲ್ಲ ಸೇರಿ ಗ್ಯಾರೇಜಿನವರು 2,800 ಅಂದರು. ಜೊತೆಗೆ ರಿಪೇರಿ ಮುಗಿಯುವವರೆಗೆ ನಿಮಗೆ ಕೊಡುವ ಬಾಡಿಗೆ ಕಾರಿನ ಖರ್ಚಿದೆ. ಬಿಚ್ಚಿ ನೋಡಿದ ಮೇಲೆ ಒಳಗೆ ಇನ್ನೇನು ಹಾಳಾಗಿದೆಯೋ ಅನ್ನುವ ಭಯವೂ ಇದೆ. ಕೆಟ್ಟ ಕಾರನ್ನು, ಅಂಥ ಕಾರುಗಳನ್ನೇ ಕೊಳ್ಳುವ ಸಾಲ್ವೇಜ್‌ನವರಿಗೆ ಮಾರಿದರೆ ಮಾತ್ರ ಕಂಪನಿಗೆ ಒಂದಿಷ್ಟು ದುಡ್ಡು ವಾಪಸ್ ಬರುತ್ತದೆ. ಎಲ್ಲ ಕೂಡಿ ಕಳೆದರೆ ನಿಮಗೆ ಬೆಲೆ ಕೊಟ್ಟು ಕೈತೊಳೆದುಕೊಳ್ಳುವುದೇ ಅವರಿಗೆ ಅಗ್ಗ.

ರಿಪೇರಿ ಖರ್ಚು ಬೆಲೆಯ ಎಷ್ಟನೇ ಪಾಲು ದಾಟಿದರೆ ರೈಟ್-ಆಫ್ ಅಂತ ಕಾನೂನು ಹೇಳುವುದಿಲ್ಲ. ಪ್ರತಿ ಕಂಪನಿಗೂ ಅದರದೇ ಗೆರೆ ಇದೆ. ಕಾರು ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ, ಬಂಪರ್ ಬೆಲೆ ಮಾತ್ರ ಇಳಿಯುವುದಿಲ್ಲ. ಅದಕ್ಕೇ ಹತ್ತು ವರ್ಷದ ಕಾರು ಸಣ್ಣ ಪೆಟ್ಟಿಗೂ ರೈಟ್-ಆಫ್ ಆಗುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರಂತೂ ಕೇಳಲೇಬೇಡಿ.

ಎನ್ ಅಂದರೆ ಬರೀ ಗೀರು-ತಗ್ಗು, ಅಪಾಯ ಇಲ್ಲ, ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ. ಎನ್ ಅನ್ನುವ ಅಕ್ಷರ ಹೇಳುವುದು ಒಂದೇ ಮಾತು: ಎಲುಬಿಗೆ ಪೆಟ್ಟಾಗಿಲ್ಲ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಏರ್‌ಬ್ಯಾಗ್, ವೈರಿಂಗ್ ಇವು ಯಾವುವೂ ಎಲುಬಿನ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸ್ಟೀರಿಂಗ್ ಕೆಟ್ಟ ಕಾರೂ ಎನ್ ಆಗಿರಬಹುದು. ಬಾಗಿಲು ಗೀರಿದ ಕಾರೂ ಎನ್ ಆಗಿರಬಹುದು. ಅಕ್ಷರ ಒಂದೇ, ಕಥೆ ಬೇರೆ.

ಎಸ್ ಕಡೆಯಿಂದ ನೋಡಿದರೂ ಅಷ್ಟೇ. ಎಸ್ ಅಂದ ಕೂಡಲೇ ಹೆದರಿ ಓಡುವವರಿದ್ದಾರೆ. ಆದರೆ ಒಳ್ಳೆ ಬಾಡಿ ಶಾಪಿನಲ್ಲಿ ಜಿಗ್ ಅನ್ನುವ ಅಳತೆಯ ಚೌಕಟ್ಟಿನ ಮೇಲೆ ಕೂರಿಸಿ, ಕಾರು ತಯಾರಕರು ಕೊಟ್ಟ ಅಳತೆಗೆ ಎಳೆದು, ಹೇಳಿದ ಕಡೆ ಹೇಳಿದ ಹಾಗೆ ವೆಲ್ಡ್ ಮಾಡಿದ ಎಸ್ ಕಾರು, ಯಾರೋ ಶೆಡ್ಡಿನಲ್ಲಿ ಏರ್‌ಬ್ಯಾಗ್ ಹಾಕದೆಯೇ ಮುಚ್ಚಿದ ಎನ್ ಕಾರಿಗಿಂತ ಎಷ್ಟೋ ಮೇಲು. ಅಕ್ಷರದಿಂದ ಗೊತ್ತಾಗುವುದು ಹಾನಿ ಯಾವ ಬಗೆಯದು ಅಂತ. ರಿಪೇರಿ ಹೇಗಾಯಿತು ಅಂತ ಅದರಿಂದ ಗೊತ್ತಾಗುವುದೇ ಇಲ್ಲ. ನನ್ನನ್ನು ಕೇಳಿದರೆ, ಇದೊಂದು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಜಾಹೀರಾತಿನಲ್ಲಿ ಕ್ಯಾಟ್ ಸಿ, ಕ್ಯಾಟ್ ಡಿ ಅಂತ ಇದೆ. ಅವು ಯಾವುವು?

2017ರ ಅಕ್ಟೋಬರ್‌ಗಿಂತ ಮುಂಚೆ ರೈಟ್-ಆಫ್ ಆದ ಕಾರುಗಳು. ಆಗ ಕೊಟ್ಟ ಅಕ್ಷರ ಹಾಗೇ ಉಳಿದಿದೆ. ಸಿ ಹೋಗಿ ಎಸ್ ಆಯಿತು, ಡಿ ಹೋಗಿ ಎನ್ ಆಯಿತು ಅಂತ ಮಾರುವವರು ಸರಾಗವಾಗಿ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಹಳೆಯ ಅಕ್ಷರಗಳು ದುಡ್ಡನ್ನು ನೋಡುತ್ತಿದ್ದವು. ರಿಪೇರಿ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ ಆದರೆ ಸಿ. ಬೆಲೆಯೊಳಗೇ ಇದ್ದರೂ ಕಂಪನಿ ಬೇಡ ಅಂದರೆ ಡಿ. ಅಂದರೆ ದುಬಾರಿ ಕಾರಿನ ಚಾಸಿ ಬಗ್ಗಿದ್ದರೂ ಅದು ಡಿ ಆಗಿರಬಹುದಿತ್ತು. ಹಳೆಯ ಅಗ್ಗದ ಕಾರು ಬರೀ ಬಾಗಿಲಿನ ಪೆಟ್ಟಿಗೇ ಸಿ ಆಗಿರಬಹುದಿತ್ತು. ಈ ಕಾರಣಕ್ಕೇ ದುಡ್ಡಿನ ಬದಲು ಹಾನಿಯ ಬಗೆ ನೋಡುವ ಹೊಸ ಅಕ್ಷರಗಳು ಬಂದವು. ಡಿ ಕಾರು ಕೊಳ್ಳುವಾಗ "ಸಣ್ಣ ಪೆಟ್ಟು ಅಷ್ಟೇ" ಅನ್ನುವ ಮಾತನ್ನು ನಂಬಬೇಡಿ, ಏನಾಗಿತ್ತು ಅಂತ ಕೇಳಿ.

ಎಷ್ಟು ದುಡ್ಡು ಬರುತ್ತದೆ? ಮೊದಲು ಹೇಳಿದ ಮೊತ್ತಕ್ಕೇ ಒಪ್ಪಬೇಕಾ?

ಬರುವುದು ಮಾರುಕಟ್ಟೆ ಬೆಲೆ, ಅಂದರೆ ಅಪಘಾತ ಆಗುವ ಮುಂಚಿನ ಕ್ಷಣದಲ್ಲಿ ಅಂಥದ್ದೇ ಕಾರು ಕೊಳ್ಳಲು ಎಷ್ಟು ಬೇಕಿತ್ತೋ ಅಷ್ಟು. ನೀವು ಕೊಂಡಾಗಿನ ಬೆಲೆ ಅಲ್ಲ. ಪಾಲಿಸಿ ಮಾಡಿಸುವಾಗ ನೀವು ಬರೆದ ಅಂದಾಜು ಬೆಲೆಯೂ ಸಾಮಾನ್ಯವಾಗಿ ಅಲ್ಲ. ಅದರಲ್ಲಿ ನಿಮ್ಮ ಎಕ್ಸೆಸ್, ಅಂದರೆ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಪಾಲು, ಕಳೆಯುತ್ತಾರೆ. ಪ್ರೀಮಿಯಂ ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದರೆ, ವರ್ಷದ ಬಾಕಿ ಕಂತುಗಳನ್ನೂ ಅದರಲ್ಲೇ ಹಿಡಿದುಕೊಳ್ಳುವುದುಂಟು. ಇದನ್ನು ಕೇಳಿ ತುಂಬಾ ಜನ ಬೆಚ್ಚಿಬೀಳುತ್ತಾರೆ. ಅದೇ ಪಾಲಿಸಿಗೆ ಹೊಸ ಕಾರು ಸೇರಿಸಲು ಬರುತ್ತದಾ ಅಂತ ಕೇಳಿ ನೋಡಿ.

ಮೊದಲ ಮೊತ್ತಕ್ಕೆ ಫೋನಿನಲ್ಲೇ ಹೂಂ ಅನ್ನಬೇಡಿ. ನನಗೆ ಮೊದಲು 3,150 ಪೌಂಡ್ ಅಂದರು. "ಲೆಕ್ಕ ಹೇಗೆ ಹಾಕಿದ್ದೀರಿ, ಬರೆದು ಕಳಿಸಿ" ಅಂದೆ. ಬಂದ ಹಾಳೆಯಲ್ಲಿ ನಮ್ಮ ಕಾರಿನ ಮಾಡೆಲ್ ಸರಿಯಿತ್ತು, ಟ್ರಿಮ್ (ಅದೇ ಮಾಡೆಲ್ಲಿನಲ್ಲಿ ಸೌಲಭ್ಯಗಳ ಹಂತ) ತಪ್ಪಿತ್ತು. ನಮ್ಮದು ಒಂದು ಹಂತ ಮೇಲಿನದು. ಆ ಸಂಜೆ ಅದೇ ವರ್ಷದ, ಅದೇ ಟ್ರಿಮ್‌ನ, ಹೆಚ್ಚುಕಡಿಮೆ ಅಷ್ಟೇ ಮೈಲಿ ಓಡಿದ ಐದು ಕಾರುಗಳ ಜಾಹೀರಾತು ಹುಡುಕಿ ಸ್ಕ್ರೀನ್‌ಶಾಟ್ ತೆಗೆದೆ. ಹೋದ ವರ್ಷ ಹಾಕಿಸಿದ್ದ ನಾಲ್ಕು ಟೈರಿನ ಬಿಲ್ಲು, ಸರ್ವಿಸ್ ಪುಸ್ತಕ ಜೊತೆಗಿಟ್ಟು ಕಳಿಸಿದೆ. ಜಗಳ ಆಡಲಿಲ್ಲ, ಜೋರು ಮಾಡಲಿಲ್ಲ. ಒಂಬತ್ತು ದಿನಕ್ಕೆ 3,700 ಆಯಿತು. ಆ 550 ಪೌಂಡ್ ನಮ್ಮದೇ ದುಡ್ಡು. ಕೇಳದಿದ್ದರೆ ಬರುತ್ತಿರಲಿಲ್ಲ.

ಕೇಳಿದರೂ ಆಗದಿದ್ದರೆ ಲಿಖಿತವಾಗಿ ದೂರು ಕೊಡಿ. ಅವರ ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಎಂಟು ವಾರ ಕಳೆದರೂ ಉತ್ತರವೇ ಬರದಿದ್ದರೆ, ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ ಅದು, ನಮಗೆ ಉಚಿತ. ಅಂತಿಮ ಉತ್ತರ ಬಂದ ಮೇಲೆ ಆರು ತಿಂಗಳೊಳಗೆ ಹೋಗಬೇಕು, ಆ ದಿನಾಂಕವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ತಪ್ಪು ನಮ್ಮದಲ್ಲ, ಎದುರಿನವರದು. ಆಗ?

ಬೆಲೆಯ ಲೆಕ್ಕ ಅದೇ. ಆದರೆ ನೀವು ಕಟ್ಟಿದ ಎಕ್ಸೆಸ್ ಅನ್ನು ಅವರ ಇನ್ಶೂರೆನ್ಸ್‌ನಿಂದ ವಾಪಸ್ ಕೇಳುವ ಹಕ್ಕು ನಿಮಗಿದೆ. ನಿಮ್ಮ ಪಾಲಿಸಿಯಲ್ಲಿ ಲೀಗಲ್ ಕವರ್ (ವಕೀಲರ ನೆರವು) ಇದ್ದರೆ ಆ ಕೆಲಸ ಅದರ ಕಡೆಯವರೇ ಮಾಡಿಕೊಡುತ್ತಾರೆ.

ರೈಟ್-ಆಫ್ ಆದ ಕಾರನ್ನು ನಾವೇ ಇಟ್ಟುಕೊಳ್ಳಬಹುದಾ?

ಎಸ್ ಅಥವಾ ಎನ್ ಆದರೆ ಕೇಳಬಹುದು. ಎ, ಬಿ ಆದರೆ ಇಲ್ಲ. ಇಟ್ಟುಕೊಂಡರೆ ಸಾಲ್ವೇಜ್ ಬೆಲೆಯನ್ನು ನಿಮ್ಮ ದುಡ್ಡಿನಲ್ಲಿ ಕಳೆಯುತ್ತಾರೆ. ಮೇಲಿನ 4,000 ಪೌಂಡಿನ ಕಾರನ್ನೇ ನೋಡಿ. ಎಕ್ಸೆಸ್ 350, ಸಾಲ್ವೇಜ್ 700 ಅಂದರೆ ನಿಮ್ಮ ಕೈಗೆ 2,950, ಜೊತೆಗೆ ಕೆಟ್ಟ ಕಾರು. ಈ 2,950ರಲ್ಲಿ ಕಾರು ಸರಿಯಾಗುತ್ತದಾ ಅನ್ನುವುದೇ ಪ್ರಶ್ನೆ. ದುಡ್ಡಿಗೆ ಒಪ್ಪುವ ಮುಂಚೆಯೇ ಇಟ್ಟುಕೊಳ್ಳುವ ಮಾತು ತೆಗೆಯಿರಿ, ಆಮೇಲೆ ಕಾರು ಹರಾಜಿಗೆ ಹೋಗಿರುತ್ತದೆ. ನಿಮಗೆ ಪರಿಚಯದ ಬಾಡಿ ಶಾಪಿನವರ ಹತ್ತಿರ ಮೊದಲೇ ಲಿಖಿತ ಅಂದಾಜು ತೆಗೆದುಕೊಳ್ಳಿ.

ನಾವು ಇಟ್ಟುಕೊಳ್ಳಲಿಲ್ಲ. ಆಸೆ ಬಹಳ ಇತ್ತು, ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದ ಕಾರು ಅದು. ಆದರೆ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿದಾಗ ವೈರಿಂಗ್ ಕಟ್ಟು ಜಜ್ಜಿಹೋಗಿತ್ತು, ಒಳಗೆ ನೀರು ನಿಂತಿತ್ತು. ವೈರಿಂಗ್‌ಗೆ ನೀರು ಹೋದರೆ ಆ ತಲೆನೋವು ವರ್ಷಗಟ್ಟಲೆ ಇರುತ್ತದೆ.

ಲಾಗ್ ಬುಕ್ (ಕಾರಿನ ನೋಂದಣಿ ಪತ್ರ) ಏನು ಮಾಡಬೇಕು? ಡಿವಿಎಲ್‌ಎಗೆ (ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ) ಹೇಳಬೇಕಾ?

ಕಾರನ್ನು ಕಂಪನಿಗೆ ಬಿಟ್ಟುಕೊಟ್ಟರೆ ಡಿವಿಎಲ್‌ಎಗೆ ತಿಳಿಸುವುದು ನಿಮ್ಮ ಕೆಲಸ. ವಿ5ಸಿ ಲಾಗ್ ಬುಕ್ಕಿನಲ್ಲಿರುವ 11 ಅಂಕಿಯ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲೇ ಮುಗಿಸಬಹುದು. ಹೇಳದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ಹೇಳಿದರೆ ಉಳಿದ ಪೂರ್ತಿ ತಿಂಗಳುಗಳ ರೋಡ್ ಟ್ಯಾಕ್ಸ್ ತಾನಾಗಿಯೇ ವಾಪಸ್ ಬರುತ್ತದೆ.

ಎಸ್ ಕಾರನ್ನು ಇಟ್ಟುಕೊಂಡರೆ ಪೂರ್ತಿ ಲಾಗ್ ಬುಕ್ ಅನ್ನು ಇನ್ಶೂರೆನ್ಸ್ ಕಂಪನಿಗೆ ಕಳಿಸಿ, ವಿ62 ಫಾರ್ಮ್ ತುಂಬಿ ಉಚಿತವಾಗಿ ಹೊಸದು ಪಡೆಯಬೇಕು. ಎನ್ ಕಾರಿಗೆ ಹಳೆಯ ಲಾಗ್ ಬುಕ್ಕೇ ನಡೆಯುತ್ತದೆ. ರಿಪೇರಿ ಆಗುವವರೆಗೆ ಇನ್ಶೂರೆನ್ಸ್ ಇಲ್ಲದೆ ನಿಲ್ಲಿಸುವುದಾದರೆ ಸಾರ್ನ್ ಮಾಡಿಸಿ (ಕಾರು ರಸ್ತೆಗೆ ಬರುವುದಿಲ್ಲ ಅಂತ ಬರೆದುಕೊಡುವುದು), ಮತ್ತು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸಬೇಡಿ.

ರಿಪೇರಿ ಆದ ಮೇಲೆ ಹೊಸ ಎಂಒಟಿ ಕಡ್ಡಾಯವಾ?

ಎಂಒಟಿ ಅಂದರೆ ಕಾರು ರಸ್ತೆಗೆ ಯೋಗ್ಯವಾ ಅಂತ ಕಾಲಕಾಲಕ್ಕೆ ಮಾಡುವ ಕಡ್ಡಾಯ ತಪಾಸಣೆ. ಹಳೆಯ ಎಂಒಟಿ ಅವಧಿ ಇನ್ನೂ ಇದ್ದರೆ, ಬರೀ ರೈಟ್-ಆಫ್ ಆಯಿತು ಅನ್ನುವ ಕಾರಣಕ್ಕೆ ಹೊಸದು ಮಾಡಿಸಬೇಕು ಅಂತ ಕಾನೂನಿಲ್ಲ. ನಾನಾದರೆ ಮಾಡಿಸುತ್ತೇನೆ. ಕೆಲವು ಇನ್ಶೂರೆನ್ಸ್ ಕಂಪನಿಗಳೂ ಕೇಳುತ್ತವೆ. ಆದರೆ ಎಂಒಟಿ ಪಾಸ್ ಆಯಿತು ಅಂದರೆ ರಿಪೇರಿ ಚೆನ್ನಾಗಿದೆ ಅಂತ ತಿಳಿಯಬೇಡಿ. ಎಂಒಟಿಯಲ್ಲಿ ಏನನ್ನೂ ಬಿಚ್ಚಿ ನೋಡುವುದಿಲ್ಲ. ಒಳಗಿನ ಹೊದಿಕೆಯ ಹಿಂದೆ ಮುಚ್ಚಿಹೋದ ವೆಲ್ಡಿಂಗ್ ಅವರ ಕಣ್ಣಿಗೆ ಬೀಳುವುದೇ ಇಲ್ಲ. 2015ರ ಅಕ್ಟೋಬರ್‌ವರೆಗೆ ವಿಐಸಿ ಅನ್ನುವ ಒಂದು ತಪಾಸಣೆ ಇತ್ತು. ಅದು ಕೂಡ ಕದ್ದ ಕಾರಿಗೆ ರೈಟ್-ಆಫ್ ಕಾರಿನ ಗುರುತು ಹಚ್ಚಿದ್ದಾರಾ ಅಂತ ನೋಡಲು ಇದ್ದದ್ದು, ರಿಪೇರಿಯ ಗುಣಮಟ್ಟಕ್ಕಲ್ಲ. ಎಸ್ ಕಾರಾದರೆ ದುಡ್ಡು ಕೊಟ್ಟು ಸ್ವತಂತ್ರ ಎಂಜಿನಿಯರ್‌ರಿಂದ ನೋಡಿಸಿ.

ಮತ್ತೆ ಇನ್ಶೂರೆನ್ಸ್ ಸಿಗುತ್ತದಾ?

ಸಿಗುತ್ತದೆ, ಆದರೆ ಎಲ್ಲರೂ ಕೊಡುವುದಿಲ್ಲ. ಕೆಲವರು ಪ್ರೀಮಿಯಂ ಜಾಸ್ತಿ ಮಾಡುತ್ತಾರೆ, ಕೆಲವರು ಎಂಜಿನಿಯರ್ ರಿಪೋರ್ಟ್ ಕೇಳುತ್ತಾರೆ. ಕೇಳಿದಾಗ ನಿಜ ಹೇಳಿ. ಮುಚ್ಚಿಟ್ಟರೆ ನಾಳೆ ಕ್ಲೇಮ್ ಬಂದಾಗ ಕೈಕೊಡುತ್ತದೆ. ಮುಂದೆ ಆ ಕಾರು ಮತ್ತೆ ರೈಟ್-ಆಫ್ ಆದರೆ, ಕೊಡುವ ಬೆಲೆಯೂ ಹಳೆಯ ಗುರುತಿನ ಕಾರಣಕ್ಕೆ ಕಡಿಮೆ ಇರುತ್ತದೆ.

ಕಾರಿನ ಮೇಲೆ ಇನ್ನೂ ಫೈನಾನ್ಸ್ ಇದೆ.

ಹೈರ್ ಪರ್ಚೇಸ್ ಅಥವಾ ಪಿಸಿಪಿ (ಎರಡೂ ಕಂತಿನಲ್ಲಿ ಕಾರು ಕೊಳ್ಳುವ ಬಗೆಗಳು) ಆದರೆ ಕಾರು ಇನ್ನೂ ನಿಮ್ಮದಲ್ಲ, ಫೈನಾನ್ಸ್ ಕಂಪನಿಯದು. ಇನ್ಶೂರೆನ್ಸ್ ದುಡ್ಡು ಮೊದಲು ಅವರ ಸಾಲಕ್ಕೆ ಹೋಗುತ್ತದೆ, ಉಳಿದರೆ ನಿಮಗೆ. ಸಾಲವೇ ಜಾಸ್ತಿ ಇದ್ದರೆ ವ್ಯತ್ಯಾಸ ನಿಮ್ಮ ತಲೆ ಮೇಲೆ. ಈ ವ್ಯತ್ಯಾಸ ತುಂಬಿಕೊಡುವ ಗ್ಯಾಪ್ ಇನ್ಶೂರೆನ್ಸ್ ಇದ್ದರೆ ಅದರಿಂದ ಕೇಳಬಹುದು, ಆದರೆ ಮೊತ್ತಕ್ಕೆ ಒಪ್ಪುವ ಮುಂಚೆ ಗ್ಯಾಪ್‌ನವರಿಗೆ ಒಂದು ಮಾತು ಹೇಳಿ. ಎಷ್ಟೋ ಪಾಲಿಸಿಗಳಲ್ಲಿ ಹಾಗೆ ಷರತ್ತಿರುತ್ತದೆ. ದುಡ್ಡು ಕೈಸೇರುವವರೆಗೆ ಕಂತು ನಿಲ್ಲಿಸಬೇಡಿ.

ಅಗ್ಗಕ್ಕೆ ಸಿಗುತ್ತದೆ ಅಂತ ಎಸ್ ಅಥವಾ ಎನ್ ಕಾರು ಕೊಳ್ಳಬಹುದಾ?

ಕೊಳ್ಳಬಹುದು, ಆದರೆ ಕಣ್ಣಿಟ್ಟು ನೋಡಿ ಕೊಳ್ಳಿ. ಮೊದಲು ಕೆಲವು ಪೌಂಡ್ ಖರ್ಚು ಮಾಡಿ ಕಾರಿನ ಹಿಸ್ಟರಿ ಚೆಕ್ ಮಾಡಿಸಿ. ವಿಮಾ ಕಂಪನಿಗಳೆಲ್ಲ ಸೇರಿ ಬಳಸುವ ಮಿಯಾಫ್ಟರ್ ಅನ್ನುವ ದಾಖಲೆ ಇದೆ, ರೈಟ್-ಆಫ್ ಮಾಹಿತಿ ಅಲ್ಲಿಂದ ಬರುತ್ತದೆ. ಲಾಗ್ ಬುಕ್ ಒಂದನ್ನೇ ನಂಬಿ ಕೂರಬೇಡಿ. ಸರ್ಕಾರದ ವೆಬ್‌ಸೈಟಿನಲ್ಲಿ ಎಂಒಟಿ ಇತಿಹಾಸ ಉಚಿತವಾಗಿ ಸಿಗುತ್ತದೆ, ಮೈಲೇಜ್ ವರ್ಷದಿಂದ ವರ್ಷಕ್ಕೆ ಸರಿಯಾಗಿ ಏರಿದೆಯಾ ನೋಡಿ. ಮಾರುವವರ ಹತ್ತಿರ ಪೆಟ್ಟಾದಾಗಿನ ಫೋಟೋ, ಬಿಡಿಭಾಗಗಳ ಬಿಲ್ಲು, ವೀಲ್ ಅಲೈನ್‌ಮೆಂಟ್ ಮಾಡಿಸಿದ ಪ್ರಿಂಟ್ ಕೇಳಿ. ಒಳ್ಳೆ ರಿಪೇರಿ ಮಾಡಿಸಿದವರು ಇವನ್ನು ಹೆಮ್ಮೆಯಿಂದ ತೋರಿಸುತ್ತಾರೆ.

ಆಮೇಲೆ ಕಾರಿನ ಹತ್ತಿರ ಹೋಗಿ, ಹಗಲಲ್ಲಿ, ಮಳೆ ಇಲ್ಲದಾಗ. ಬಾನೆಟ್ ಮತ್ತು ಪಕ್ಕದ ವಿಂಗ್ (ಮುಂದಿನ ಚಕ್ರದ ಮೇಲಿನ ತಗಡು) ನಡುವಿನ ಸಂದಿಯಲ್ಲಿ ಬೆರಳು ಎಳೆಯಿರಿ. ಮುಂದೆ ಕಿರಿದಾಗಿ ಹಿಂದೆ ಅಗಲವಾದರೆ ಏನೋ ಜರುಗಿದೆ. ಬಾನೆಟ್ ಎತ್ತಿ ವಿಂಗ್ ಬೋಲ್ಟ್‌ಗಳ ತಲೆ ನೋಡಿ, ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಬಾಗಿಲಿನ ರಬ್ಬರ್ ಅಂಚನ್ನು ಸ್ವಲ್ಪ ಮಡಚಿ ನೋಡಿ, ಅಲ್ಲಿ ಬಣ್ಣದ ಸಣ್ಣ ಹನಿಗಳಿದ್ದರೆ ಮತ್ತೆ ಪೇಂಟ್ ಹೊಡೆದಿದ್ದಾರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ. ತಗಡಿನಲ್ಲಿ ಬಟ್ಟೆಯ ಹಾಗೆ ಸುಕ್ಕಿದೆಯಾ, ಸೀಲಂಟ್ ಹೊಸದಾಗಿ ಬಳಿದ ಹಾಗಿದೆಯಾ?

ಕೀ ತಿರುಗಿಸಿದಾಗ ಏರ್‌ಬ್ಯಾಗ್ ಲೈಟ್ ಒಮ್ಮೆ ಹತ್ತಿ ಆರಬೇಕು. ಹತ್ತಿಯೇ ಇರುವುದು ಕೆಟ್ಟದ್ದು. ಹತ್ತುವುದೇ ಇಲ್ಲ ಅಂದರೆ ಅದಕ್ಕಿಂತ ಕೆಟ್ಟದ್ದು, ಯಾರೋ ಲೈಟನ್ನೇ ಕೊಂದಿರಬಹುದು. ಸೀಟ್ ಬೆಲ್ಟ್‌ಗಳನ್ನು ಪೂರ್ತಿ ಹೊರಗೆಳೆದು ನೋಡಿ. ಸಿಕ್ಕಿಹಾಕಿಕೊಂಡರೆ, ಅಂಚು ಕಿತ್ತಿದ್ದರೆ ಅಲ್ಲಿಗೇ ಬಿಟ್ಟು ಬನ್ನಿ. ಮಕ್ಕಳು ಕೂರುವ ಹಿಂದಿನ ಸೀಟಿನ ಬೆಲ್ಟನ್ನು ಹೆಚ್ಚಿನವರು ಮುಟ್ಟಿಯೂ ನೋಡುವುದಿಲ್ಲ. ದಯವಿಟ್ಟು ನೋಡಿ.

ಕೊಳ್ಳುವಾಗ ಉಳಿದ ದುಡ್ಡು ಮಾರುವಾಗ ಹೋಗುತ್ತದೆ ಅನ್ನುವುದೂ ನೆನಪಿರಲಿ. ಎಂಟು-ಹತ್ತು ವರ್ಷ ಓಡಿಸುವವರಿಗೆ ಇದು ಪರವಾಗಿಲ್ಲ. ಎರಡು ವರ್ಷಕ್ಕೆ ಕಾರು ಬದಲಿಸುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ರೈಟ್-ಆಫ್ ಅಂತ ಹೇಳದೇ ಮಾರಿಬಿಟ್ಟರು. ಏನು ಮಾಡಲಿ?

ಡೀಲರ್ ಹತ್ತಿರ ಕೊಂಡಿದ್ದರೆ ನಿಮ್ಮ ಕೈ ಗಟ್ಟಿಯಿದೆ. ಕೊಳ್ಳುವವರ ತೀರ್ಮಾನ ಬದಲಿಸುವಂಥ ಮಾಹಿತಿಯನ್ನು ವ್ಯಾಪಾರಿಗಳು ಮುಚ್ಚಿಡುವ ಹಾಗಿಲ್ಲ. ಕಾರಿನಲ್ಲೇ ದೋಷವಿದ್ದರೆ, ಅಥವಾ ಹೇಳಿದ ಹಾಗೆ ಅದು ಇಲ್ಲದಿದ್ದರೆ, 2015ರ ಕನ್ಸೂಮರ್ ರೈಟ್ಸ್ ಆಕ್ಟ್ ಪ್ರಕಾರ ಮೊದಲ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಖಾಸಗಿಯವರ ಹತ್ತಿರ ಕೊಂಡಿದ್ದರೆ ಕಷ್ಟ. ಅವರು ತಾವಾಗಿ ಹೇಳಬೇಕು ಅಂತ ಇಲ್ಲ, ಆದರೆ ಕೇಳಿದಾಗ ಸುಳ್ಳು ಹೇಳುವ ಹಾಗಿಲ್ಲ. ಅದಕ್ಕೇ "ಈ ಕಾರು ಯಾವತ್ತಾದರೂ ರೈಟ್-ಆಫ್ ಆಗಿತ್ತಾ?" ಅಂತ ಮೆಸೇಜಿನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಚೆನ್ನಾಗಿ ರಿಪೇರಿ ಮಾಡಿಸಿದರೆ ಆ ಗುರುತು ಹೋಗುತ್ತದಾ?

ಹೋಗುವುದಿಲ್ಲ, ಕಾರು ಇರುವವರೆಗೂ ಇರುತ್ತದೆ. ಎಂಜಿನಿಯರ್ ಕೆಟಗರಿಯನ್ನೇ ತಪ್ಪಾಗಿ ಕೊಟ್ಟಿದ್ದಾರೆ ಅನ್ನಿಸಿದರೆ ಮಾತ್ರ, ಸ್ವತಂತ್ರ ಎಂಜಿನಿಯರ್ ರಿಪೋರ್ಟ್ ಜೊತೆಗೆ ಕಂಪನಿಗೆ ಬರೆದು ತಿದ್ದಿಸಲು ಕೇಳಬಹುದು.

ನಮ್ಮ ಕಾರಿಗೆ ಪ್ರೈವೇಟ್ ನಂಬರ್ (ನಾವೇ ಆರಿಸಿ ಕೊಂಡ ನಂಬರ್ ಪ್ಲೇಟ್) ಇದೆ, ಅದು ಕಳೆದುಹೋಗುತ್ತದಾ?

ದುಡ್ಡು ತೆಗೆದುಕೊಂಡು ಕಾರು ಬಿಟ್ಟುಕೊಟ್ಟರೆ ನಂಬರೂ ಅದರ ಜೊತೆ ಹೋಗುತ್ತದೆ. ಹಾಗಾಗಿ ಮೊದಲ ಫೋನಿನಲ್ಲೇ "ನಂಬರ್ ನಮಗೆ ಬೇಕು" ಅಂತ ಹೇಳಿ. ಸೆಟಲ್‌ಮೆಂಟ್ ಆಗುವ ಮುಂಚೆ ಡಿವಿಎಲ್‌ಎಯಲ್ಲಿ 80 ಪೌಂಡ್ ಕಟ್ಟಿ ನಂಬರನ್ನು ಕಾರಿನಿಂದ ಬಿಡಿಸಿ ಇಟ್ಟುಕೊಳ್ಳಿ. ಅದಕ್ಕೆ ಲಾಗ್ ಬುಕ್ ಬೇಕಾಗುತ್ತದೆ, ಆದ್ದರಿಂದ ಈ ಕೆಲಸ ಮುಗಿಯುವವರೆಗೆ ಅದನ್ನು ಯಾರಿಗೂ ಕಳಿಸಬೇಡಿ.